ಮೆಲ್ಲಗೆ ಮುಟ್ಟಿದರೆ ತಿಳಿ ಸ್ವರ

ಇಡೀ ಸಭೆ ಕಣ್ಣು ಮುಚ್ಚಿತ್ತು. ತೆರೆದಿದ್ದವು ನಾಲ್ಕೇ ಕಣ್ಣು.

ಎರಡು ಆರಿಮ್‌ಳವು. ಇನ್ನೆರಡು... ವೇದಿಕೆಯ ಮೇಲೆ ಮಂಡಿಯೂರಿ, ಅವಳ ಆಂಪ್‌ನ ಮೇಲೆ ಕೈಯಿಟ್ಟಿದ್ದವನವು!

ಮೊಕ್ಪೊ ಬಂದರಿನ ಗುಡ್ಡದ ಮೇಲಿನ ಆ ಚಿಕ್ಕ ಚರ್ಚಿನಲ್ಲಿ ಅದು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವ ಹೊತ್ತು. ಒಬ್ಬೊಬ್ಬರೂ ತಮ್ಮ ಸಂಕಟವನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಎಲ್ಲ ಸೇರಿ ಕಡಲಿನ ಮೊರೆತದಂತಾಗುತ್ತದೆ. ಆ ಮೊರೆತದ ಅಡಿಯಲ್ಲಿ ಬಾಸ್ ಗಿಟಾರಿನ ಒಂದೇ ಸ್ವರ ನೆಲದ ಹಾಗೆ ಹಾಸಿಕೊಂಡಿರಬೇಕು. ಶಿಶುವಿಹಾರದ ಟೀಚರ್ ಆರಿಮ್ ಇಲ್ಲಿ ಬಾಸ್ ನುಡಿಸಲು ನಿಂತದ್ದು ಅಂದೇ ಮೊದಲು.

"ಏನ್ ಮಾಡ್ತಿದ್ದೀರಾ ನೀವು?" ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ನುಡಿಸ್ತಾ ಇರಿ ಸಿಸ್ಟರ್. ನಿಲ್ಲಿಸ್ಬೇಡಿ."

ಆತ ಎಡಗಡೆಯ ನಾಬನ್ನು ಹಿಂದಕ್ಕೆ ತಿರುಗಿಸಿದ. ಬಲಗಡೆಯದನ್ನು ಮುಂದಕ್ಕೆ. ಅಷ್ಟೇ! ಬಂದ ಹಾಗೆಯೇ ಬಾಗಿಕೊಂಡು, ಹಾಲ್‌ನ ಹಿಂದೆ ಎಲ್ಲ ವಾದ್ಯಗಳ ಸದ್ದನ್ನು ಬೆರೆಸಿ ಹದಮಾಡುವ ಮಿಕ್ಸರ್ ಮೇಜಿನ ಕಡೆಗೆ ಓಡಿಹೋದ.

ಆರಿಮ್‌ಳ ಕಿವಿ ಬಿಸಿಯಾಯಿತು. ಎಲ್ಲರೆದುರು... ಅಲ್ಲ, ಯಾರೂ ನೋಡಲಿಲ್ಲ. ಆದರೂ! ಅದು ಅವಳ ಆಂಪ್. ಗಿಟಾರಿನ ಸದ್ದನ್ನು ಹಿಗ್ಗಿಸುವ, ಅನ್ನದ ಕುಕ್ಕರಿಗಿಂತ ಒಂದಿಷ್ಟೇ ದೊಡ್ಡದಾದ ಪೆಟ್ಟಿಗೆ. ಸಮುದ್ರಕ್ಕೆ ಹೋಗುವ ಮುಂಚೆ ಅಪ್ಪ ಹೆಗಲ ಮೇಲೆ ಹೊತ್ತು ತಂದುಕೊಟ್ಟದ್ದು.

ಆದರೆ ಬೆರಳ ಕೆಳಗಿನ ಸ್ವರ...

ಈಗ ಅದು ತಿಳಿಯಾಗಿತ್ತು. ಒಡಕಿಲ್ಲ, ಗೊರಗೊರ ಇಲ್ಲ. ಅಜ್ಜಿಯರ ಅಳು, ಗಂಡಸರ ಬಿಕ್ಕು ಎಲ್ಲವನ್ನೂ ಒಂದು ದೊಡ್ಡ ಅಂಗೈ ಮೆಲ್ಲಗೆ ಎತ್ತಿ ಹಿಡಿದ ಹಾಗಿತ್ತು.

'ಇದು ನನ್ನದೇ ಸ್ವರವಾ?'

ಅವಳಿಗೆ ಅವನ ಮೇಲೆ ಕೋಪ ಇಮ್ಮಡಿಯಾಯಿತು!

* * *

ಅವನ ಹೆಸರು ಸಂಗ್ಯು. ವಾರವಿಡೀ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವನು, ಭಾನುವಾರ ಮಿಕ್ಸರ್ ಮುಂದೆ ಕೂರುತ್ತಿದ್ದ. ಮಾತು ಕಡಿಮೆ. ಕಿವಿ ಮಾತ್ರ ಚುರುಕು.

"ಪ್ರಾರ್ಥನೆ ಹೊತ್ತಲ್ಲಿ ಸಣ್ಣಗಿರಬೇಕು ಅಂದ್ರು, ಸಣ್ಣಗೆ ಮಾಡಿದ್ದೆ," ಎಂದು ಆರಿಮ್ ಅಂದೇ ಅವನನ್ನು ತಡೆದು ನಿಲ್ಲಿಸಿದ್ದಳು. "ನಿಮಗೇನು ತೊಂದ್ರೆ ಆಯ್ತು?"

"ಬಲಗಡೆ ನಾಬ್, ಮಾಸ್ಟರ್, ಅದನ್ನ ಇಳಿಸಿದ್ರಿ. ಬೆರಳಿಗೆ ಸಿಗ್ತಿಲ್ಲ ಅಂತ ಎಡಗಡೆಯದು, ಗೇನ್, ಅದನ್ನ ಏರಿಸಿದ್ರಿ. ಹೌದಲ್ವಾ?"

"...ಹೌದು. ಅದಕ್ಕೇನೀಗ?"

"ಗೇನ್ ಅಂದ್ರೆ ಒಳಗೆ ಬಿಟ್ಕೊಳ್ಳೋದು, ಜಾಸ್ತಿ ಬಿಟ್ಕೊಂಡ್ರೆ ಸ್ವರ ಒಡೆಯುತ್ತೆ. ಮಾಸ್ಟರ್ ಅಂದ್ರೆ ಹೊರಗೆ ಕಳಿಸೋದು. ಆಂಪ್‌ನಿಂದ ನನ್ನ ಮಿಕ್ಸರ್‌ಗೆ ಬರೋ ತಂತಿ ಮಾಸ್ಟರ್‌ಗಿಂತ ಮುಂಚೆನೇ ಹೊರಟುಬಿಡುತ್ತೆ. ನಿಮ್ಮ ಪೆಟ್ಟಿಗೆ ಪಿಸುಗುಡ್ತಿತ್ತು ಸಿಸ್ಟರ್, ಆದ್ರೆ ಹಾಲ್‌ನಲ್ಲಿ... ಯಾರೋ ಗೊರಕೆ ಹೊಡೆದ ಹಾಗೆ."

"ಗೊರಕೆ?!"

ಪಕ್ಕದಲ್ಲಿದ್ದ ಡ್ರಮ್ಮಿನವನು ಕಿಸಕ್ಕೆಂದ. ಆರಿಮ್ ಬಾಸನ್ನು ಚೀಲಕ್ಕೆ ತುರುಕಿ ಹೊರಟೇಹೋದಳು.

ಆದರೂ ಮುಂದಿನ ವಾರಗಳಲ್ಲಿ ಗೇನ್ ಇಳಿಸಿ, ಮಾಸ್ಟರ್ ಏರಿಸಿಯೇ ನುಡಿಸಿದಳು. ಸ್ವರ ತಿಳಿಯಾಗಿಯೇ ಬಂತು. ಪಾಸ್ಟರ್ ಕೀರ್ತನೆಯ ಸಾಲು ಹೇಳಿ ಸಭೆ ಮರುಸಾಲು ಹೇಳುವಾಗ, ಅವಳು ತಲೆಯೆತ್ತಿ ಹಿಂದಿನ ಮೇಜಿನ ಕಡೆ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕೇಳುವುದನ್ನೇ ಪ್ರಾರ್ಥನೆ ಮಾಡಿಕೊಂಡವನ ಹಾಗೆ!

'ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ನಾನು ಎಲ್ಲಿ ಕಂಡಿದ್ದೇನೆ?'

ಛೇ! ಏನು ಯೋಚನೆ ಇದು...

* * *

ಎಲ್ಲವೂ ಕೆಟ್ಟದ್ದು ಅಪ್ಪನ ಒಂದು ಫೋನಿನಿಂದ.

ಅವಳ ಅಪ್ಪ ದೂರದ ಸಮುದ್ರದ ಮೀನು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಅಮ್ಮ ತೀರಿಕೊಂಡ ಮೇಲೆ ಇಬ್ಬರಿಗೂ ಇದ್ದದ್ದು ಆ ಫೋನೊಂದೇ.

"ಮಗಳೇ, ನಿಮ್ಮ ಚರ್ಚಿನ ನೇರ ಪ್ರಸಾರ ನೋಡ್ದೆ. ಗಿಟಾರ್ ಕೇಳಿಸ್ತು, ಡ್ರಮ್ ಕೇಳಿಸ್ತು, ಪಾಸ್ಟರ್ ಕೆಮ್ಮಿದ್ದೂ ಕೇಳಿಸ್ತು. ನೀನೆಲ್ಲಿದ್ಯೇ?"

"ಅಲ್ಲೇ ಇದ್ನಲ್ಲಪ್ಪಾ!"

"ಊಟದ ಮೇಜಿನ ಮೇಲೆ ಫೋನಿಟ್ಟು ಎಲ್ಲರ್ನೂ ಕೂರಿಸಿದ್ದೆ. ನಮ್ಮ ಅಡುಗೆಯವನು ಚುಡಾಯಿಸ್ತಾನೆ... 'ನಿನ್ ಮಗಳು ಗಿಟಾರ್ ತಗೊಂಡು ಬಸ್ ಕಾಯ್ತಿದ್ದಾಳಾ' ಅಂತ. ಬರೋ ಭಾನುವಾರ ಕೇಳಿಸೋ ಹಾಗೆ ನುಡಿಸಮ್ಮ. ಆಮೇಲೆ ನಾವು ಇನ್ನೂ ದಕ್ಷಿಣಕ್ಕೆ ಹೋಗ್ತೀವಿ. ವಸಂತದವರೆಗೂ ಸಿಗ್ನಲ್ ಇರಲ್ಲ."

ಬರುವ ಭಾನುವಾರ. ಸುಗ್ಗಿಯ ಕೃತಜ್ಞತೆಯ ಆರಾಧನೆ.

ಆರಿಮ್ ಫೋನಿನಲ್ಲಿ ಹಿಂದಿನ ವಾರದ ಪ್ರಸಾರ ಹಾಕಿದಳು. ಕೀಬೋರ್ಡ್ ಇತ್ತು. ಹಾಡು ಇತ್ತು. ಅವಳ ಬೆರಳು ಓಡಾಡುವುದು ಕಾಣುತ್ತಿತ್ತು. ಸ್ವರ ಮಾತ್ರ... ಒಂದೂ ಇಲ್ಲ!

'ಗೊರಕೆ ಅಂದಿದ್ದ. ಈಗ ಪೂರ್ತಿ ಬಾಯಿ ಮುಚ್ಚಿಸಿಬಿಟ್ಟ!'

* * *

ಶನಿವಾರದ ಅಭ್ಯಾಸಕ್ಕೆ ಮುಂಚೆ ಚರ್ಚಿನ ಅಡುಗೆಮನೆಯಲ್ಲಿ ಎಲ್ಲರೂ ನೂಡಲ್ಸ್ ಸಾರಿನ ಬಟ್ಟಲು ಹಿಡಿದು ಕೂತಿದ್ದರು. ಆರಿಮ್ ನೇರವಾಗಿ ಸಂಗ್ಯುವಿನ ಮುಂದೆ ಬಂದು ನಿಂತಳು.

"ನನ್ನ ಮ್ಯೂಟ್ ಮಾಡಿದ್ದೀರಾ ಬ್ರದರ್?"

ಅವನ ಚಾಪ್‌ಸ್ಟಿಕ್ ಗಾಳಿಯಲ್ಲೇ ನಿಂತಿತು. "ಏನು?"

"ಇಷ್ಟ ಇಲ್ಲ ಅಂದ್ರೆ ಮುಖಕ್ಕೆ ಹೇಳ್ಬೇಕಿತ್ತು. ಅಲ್ಲಿ ಸಮುದ್ರದ ಮಧ್ಯೆ ನಮ್ಮಪ್ಪ ಕಿವಿ ಕೊಟ್ಟು ಕೂತಿದ್ರು! ನಾಳೆ ಒಂದು ದಿನ ನುಡಿಸಿ ಹೊರಟು ಹೋಗ್ತೀನಿ. ನಾಳೆ ಒಂದು ದಿನ ಆದ್ರೂ..."

"ಯಾರೇ ಮ್ಯೂಟು?" ಪಾತ್ರೆಯ ಹಿಂದಿನಿಂದ ಪಿಲ್ಸುನ್ ಅಜ್ಜಿ ತಲೆ ಹಾಕಿದರು. ಚರ್ಚಿನ ಅಡುಗೆಯೆಲ್ಲ ಅವರದೇ. ಕಿವಿ ಮುಕ್ಕಾಲು ಮಂದ. "ಲೇ ಪುಟ್ಟಿ, ನಂಗೆ ಪಾಸ್ಟರ್ ಪ್ರಸಂಗ ಕೇಳ್ಸಲ್ಲ. ದೇವರು ಕ್ಷಮಿಸ್ಲಿ, ಅದೇನೂ ದೊಡ್ಡ ನಷ್ಟ ಅಲ್ಲ. ಆದ್ರೆ ನೀನು ನುಡಿಸಿದ್ದು ಕೂತ ಬೆಂಚಿನಿಂದ ನನ್ನ ಬೆನ್ನಿಗೆ ಹತ್ತುತ್ತೆ ಕಣೇ! ಹೋದ ವಾರನೂ ಹತ್ತಿತ್ತು. ನುಡಿಸದೆ ಹತ್ತೋಕಾಗುತ್ತಾ?"

ಆರಿಮ್ ಗಲಿಬಿಲಿಗೊಂಡಳು. ಹಾಲ್‌ನಲ್ಲಿ ಸ್ವರ ಇತ್ತು. ಹಾಗಾದರೆ ಫೋನಿನಲ್ಲಿ ಯಾಕಿಲ್ಲ?

ಸಂಗ್ಯು ಬಟ್ಟಲು ಕೆಳಗಿಟ್ಟ. "ಬನ್ನಿ. ಒಂದ್ ನಿಮಿಷ."

ಮಿಕ್ಸರ್ ಮೇಜಿನ ಬಳಿ ಅವಳ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಅದೇ ಪ್ರಸಾರವನ್ನು ಒತ್ತಿದ.

ಬಂತು! ತುಂಬಿ, ತಿಳಿಯಾಗಿ, ಆಳದಿಂದ... ಒಂದೊಂದು ಸ್ವರವೂ ಯಾರೋ ಒರೆಸಿ ಇಟ್ಟ ಹಾಗೆ. ಅವಳು ಅಳುಕಿದ ಕಡೆ ಸಂಗ್ಯು ಮೆಲ್ಲಗೆ ಎತ್ತಿ ಹಿಡಿದಿದ್ದ. ಇಷ್ಟು ಜತನ!

"ಮ್ಯೂಟ್ ಮಾಡೋದಿದ್ರೆ ಮೊದಲ ದಿನಾನೇ ಇಲ್ಲಿ ಕೂತೇ ಮಾಡ್ತಿದ್ದೆ," ಎಂದ ಅವನು. "ಒಂದು ಬೆರಳಿನ ಕೆಲಸ. ನಿಮ್ಮ ಸ್ವರ ಹೋಗ್ಬಾರ್ದು ಅಂತಾನೇ ಓಡಿ ಬಂದಿದ್ದು."

ಆರಿಮ್‌ಳ ಕಣ್ಣು ತುಂಬಿತು.

"ತಪ್ಪು ನನ್ನದೇ," ಅವನು ತಲೆ ತಗ್ಗಿಸಿದ. "ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೇಳೋಕೆ ಶಕ್ತಿ ಇಲ್ಲ. ನಾನು ಯಾವಾಗ್ಲೂ ಹೆಡ್‌ಫೋನಲ್ಲೇ ಕೇಳ್ತೀನಿ. ಒಂದ್ಸಲನೂ ಫೋನಲ್ಲಿ ಕೇಳಿ ನೋಡ್ಲಿಲ್ಲ. ಅಪ್ಪನಿಗೆ ಇಯರ್‌ಫೋನ್ ಹಾಕ್ಕೊಳ್ಳೋಕೆ ಹೇಳಿದ್ರೆ?"

"ಹಾಕ್ಕೊಳ್ಳಲ್ಲ. ಅವರೊಬ್ಬರಿಗೆ ಕೇಳಿಸಿದ್ರೆ ಸಾಲ್ದು. ಹಡಗಿನೋರಿಗೆಲ್ಲ ಕೇಳಿಸ್ಬೇಕು. 'ನನ್ನ ಮಗಳು' ಅನ್ನಬೇಕು."

ಸಂಗ್ಯು ವೇದಿಕೆಯ ಮೇಲಿನ ಆಂಪ್‌ನ ಕಡೆ ನೋಡಿದ. ಆಮೇಲೆ ತುಟಿಯ ಕೊನೆಯಲ್ಲಿ ನಕ್ಕ.

"ಹಾಗಾದ್ರೆ... ಆ ಗೊರಕೆ ಬೇಕು."

"ಏನಂದ್ರಿ?!"

"ಗೇನ್ ಏರಿಸಿದಾಗ ಸ್ವರ ಒರಟಾಗುತ್ತೆ ನೋಡಿ, ಆ ಒರಟಿನೊಳಗೆ ಮೇಲಿನ ಸ್ವರಗಳೂ ಹುಟ್ಕೊಳ್ತವೆ. ಫೋನ್ ಅವನ್ನ ಹೇಳುತ್ತೆ. ಮಿಕ್ಕಿದ್ದನ್ನ ಕಿವಿನೇ ತುಂಬ್ಕೊಳ್ಳುತ್ತೆ. ನಾನು ಕೊಳೆ ಅಂತ ತೊಳೆದು ಹಾಕಿದ್ದು... ನಿಮ್ಮಪ್ಪನವರಿಗೆ ಬೇಕಾದ ದಾರಿ."

"ಆದ್ರೆ ಪ್ರಾರ್ಥನೆ ಹೊತ್ತಲ್ಲಿ? ಅಜ್ಜಿಯರು ಅಳುವಾಗ ಗೊರಗೊರ ಅಂದ್ರೆ?"

"ಅದಕ್ಕೊಂದು ಜಾಗ ಇದೆ. ಬನ್ನಿ, ಹುಡುಕೋಣ."

ಆ ಸಂಜೆ ಇಬ್ಬರೂ ಆಂಪ್‌ನ ಎದುರು ನೆಲದ ಮೇಲೆ ಕೂತರು. ಅವನು ಗೇನನ್ನು ಕೂದಲೆಳೆಯಷ್ಟು ಏರಿಸುವನು, ಅವಳು ಮೀಟುವಳು. ಆಮೇಲೆ ಮಿಕ್ಸರ್‌ನಲ್ಲಿ ಹಿಡಿದ ಧ್ವನಿಯನ್ನು ಫೋನಿನಲ್ಲಿ ಹಾಕಿ ಇಬ್ಬರೂ ಒಂದೇ ಫೋನಿಗೆ ಕಿವಿ ತಾಗಿಸುವರು.

"ಕೇಳಿಸ್ತಾ?"

"ಊಹೂಂ."

"ಈಗ?"

"ತುಂಬಾ ಆಯ್ತು. ಬೋಟಿನ ಎಂಜಿನ್!"

"ನಿಮ್ಮಪ್ಪನಿಗೆ ಇಷ್ಟ ಆಗ್ಬಹುದು."

ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ಅವನು ಇನ್ನೊಂದಿಷ್ಟು ಹಿಂದಕ್ಕೆ ತಿರುಗಿಸಿದ.

"ಈಗ ಮೆಲ್ಲಗೆ ಮುಟ್ಟಿ."

ಮುಟ್ಟಿದಳು. ತಿಳಿ ನೀರಿನಂಥ ಸ್ವರ!

"ಒತ್ತಿ ಮೀಟಿ."

ಮೀಟಿದಳು. ಅದೇ ಸ್ವರ ಅಂಚಿನಲ್ಲಿ ಹರಿದು, ಬಿಸಿಯಾಗಿ, ಎದೆಯ ಬಾಗಿಲು ತಟ್ಟಿತು!

"ಇದೇ ಜಾಗ," ಅವನ ಧ್ವನಿ ಪಿಸುಮಾತಾಗಿತ್ತು. "ಇನ್ನು ನಾಬ್ ಯಾರೂ ಮುಟ್ಟೋದು ಬೇಡ. ತಿಳಿನೂ ಒರಟೂ ಎರಡೂ ನಿಮ್ಮ ಬೆರಳಲ್ಲೇ ಇದೆ."

ಆರಿಮ್ ಅವನ ಮುಖವನ್ನೇ ನೋಡಿದಳು. ತಾನು ಸರಿ ಎಂದು ಹಟ ಹಿಡಿಯಬಹುದಿತ್ತು ಅವನು. ಹಿಡಿಯಲಿಲ್ಲ. ಕೇಳಿಸಿಕೊಂಡ... ಮತ್ತೆ ಕೇಳಿಸಿಕೊಂಡ.

'ದೇವರೇ, ಈ ಮನುಷ್ಯನ ಪಕ್ಕ ಕೂತರೆ ನನ್ನ ಮೌನವೂ ಕೇಳಿಸೀತು!'

* * *

ಭಾನುವಾರ. ವೇದಿಕೆಯ ಮುಂದೆ ಕುಂಬಳ, ಮರಸೇಬು, ಹೊಸ ಅಕ್ಕಿಯ ರಾಶಿ.

ಪ್ರಾರ್ಥನೆಯ ಹೊತ್ತು ಬಂದಾಗ ಅವಳು ಮೆಲ್ಲಗೆ ಮುಟ್ಟಿದಳು. ಪಿಲ್ಸುನ್ ಅಜ್ಜಿ ಬೆನ್ನನ್ನು ಬೆಂಚಿಗೆ ಆನಿಸಿ ಕಣ್ಣೀರಿಟ್ಟರು. ಕೊನೆಯ ಹಾಡಿಗೆ ಅವಳು ಒತ್ತಿ ಮೀಟಿದಳು. ಸ್ವರ ಗುಡುಗಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಿಕ್ಸರ್ ಮೇಜಿನ ಬಳಿ ಸಂಗ್ಯು ಹೆಡ್‌ಫೋನ್ ಪಕ್ಕಕ್ಕಿಟ್ಟು, ಒಂದು ಫೋನನ್ನು ಕಿವಿಗೊತ್ತಿಕೊಂಡು... ಮಗುವಿನಂತೆ ನಗುತ್ತಿದ್ದ!

ಆರಾಧನೆ ಮುಗಿಯುವುದೇ ತಡ, ಅವಳ ಫೋನು ಅದುರಿತು. ವಿಡಿಯೊ ಕರೆ. ಪರದೆಯ ತುಂಬ ಗಡ್ಡ ಬಿಟ್ಟ ಮುಖಗಳು.

"ಕೇಳಿಸ್ತು ಮಗಳೇ!" ಅಪ್ಪನ ಧ್ವನಿ ಒಡೆಯಿತು. "ಪ್ರತಿಯೊಂದೂ ಕೇಳಿಸ್ತು! ಈ ಅಡುಗೆಯವನು ಅಳ್ತಿದ್ದಾನೆ ನೋಡು."

"ಈರುಳ್ಳಿ ಹೆಚ್ತಿದ್ದೆ ಕಣೋ!" ಎಂದು ಯಾರೋ ಹಿಂದಿನಿಂದ ಕೂಗಿದರು.

ಆರಿಮ್ ನಗುತ್ತಲೇ ಅತ್ತಳು. "ಅಪ್ಪಾ, ಇವರೇ... ಇವರಿಂದಾನೇ ನಿಮಗೆ ಕೇಳಿಸಿದ್ದು," ಎಂದು ಪಕ್ಕಕ್ಕೆ ಬಂದು ನಿಂತಿದ್ದ ಸಂಗ್ಯುವಿನತ್ತ ಫೋನು ತಿರುಗಿಸಿದಳು.

ಅವನು ಸೊಂಟ ಬಗ್ಗಿಸಿ ಫೋನಿಗೆ ನಮಸ್ಕರಿಸಿದ.

"ನೀನ್ಯಾರಪ್ಪಾ?" ಎಂದರು ಅಪ್ಪ. "ನನ್ನ ಮಗಳಿಗೆ ಏನಾಗ್ಬೇಕು?"

ಸಂಗ್ಯು ಒಮ್ಮೆ ಆರಿಮ್‌ಳನ್ನು ನೋಡಿದ. ಅವನ ಕಿವಿ ಕೆಂಪಾಗಿತ್ತು.

"ಇನ್ನೂ ಏನೂ ಆಗಿಲ್ಲ ಅಪ್ಪಾಜಿ. ನಾನು... ನಿಮ್ಮ ಮಗಳನ್ನ ಪ್ರೀತಿಸ್ತೀನಿ. ಅವರಿಗೆ ಹೇಳೋಕೆ ಧೈರ್ಯ ಆಗಿಲ್ಲ. ದಯವಿಟ್ಟು ನೀವೂ ಹೇಳ್ಬೇಡಿ."

ಹಡಗಿನಲ್ಲಿ ಹೋ ಎಂಬ ಗದ್ದಲ ಎದ್ದಿತು! ಅಪ್ಪನ ಬಾಯಿ ತೆರೆದದ್ದು ಕಂಡಿತು... ಅಷ್ಟರಲ್ಲಿ ಚಿತ್ರ ಹಾಗೇ ನಿಂತುಹೋಯಿತು. ಸಿಗ್ನಲ್ ಹೋಗಿತ್ತು. ಪರದೆಯ ಮೇಲೆ ಉಳಿದದ್ದು ಅಪ್ಪನ ತೆರೆದ ಬಾಯಿ, ತುಂಬು ನಗು.

ಇಬ್ಬರೂ ಆ ನಗುವನ್ನೇ ನೋಡುತ್ತ ನಿಂತರು.

"ಅವರು ಒಪ್ಪಿದ್ರಾ ಇಲ್ವಾ?" ಎಂದು ಕೇಳಿದ ಸಂಗ್ಯು. "ವಸಂತದವರೆಗೆ ಕಾಯ್ಬೇಕಾ ನಾನು?"

"ಅವರ ಉತ್ತರಕ್ಕೆ ಕಾಯ್ಬೇಕು," ಎಂದಳು ಆರಿಮ್. ಆಮೇಲೆ ತಂತಿಯುಜ್ಜಿ ಗಟ್ಟಿಯಾಗಿದ್ದ ಬೆರಳುಗಳನ್ನು ಅವನ ಬೆರಳುಗಳ ನಡುವೆ ಸೇರಿಸಿದಳು. "ನನ್ನದನ್ನ ಈಗಲೇ ಕೇಳ್ಬಹುದು. ಆದ್ರೆ ಮೊದಲು ನನಗೆ ಹೇಳಿ. ಹಡಗಿಗೆಲ್ಲ ಹೇಳಿದ್ರಿ... ನನಗೆ?"

"ನಾನು ನಿಮ್ಮನ್ನ ಪ್ರೀತಿಸ್ತೀನಿ, ಆರಿಮ್."

"ಇನ್ನೊಂದ್ಸಲ."

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದು ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. "ಅದಕ್ಕೇ."