ಎಣ್ಣೆ ಕುಡಿದು ಮೂಕವಾದ ಗಿಟಾರು

ಬಹಳ ಬಹಳ ಹಿಂದೆ ಬೀಟೆಗಿರಿ ಅಂತ ಒಂದು ರಾಜ್ಯ. ಅದರ ಅರಮನೆಯಲ್ಲಿ ಒಂದು ಮಾಯದ ಗಿಟಾರು. ಆ ಕಾಲದಲ್ಲಿ ಗಿಟಾರು ಎಲ್ಲಿಂದ ಬಂತು ಅಂತ ಕೇಳಬೇಡಿ, ಕೇಳಿದರೆ ಕತೆ ಇಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಆರು ತಂತಿ, ಮರದ ಹೊಟ್ಟೆ, ಉದ್ದನೆಯ ಕತ್ತು. ಕತ್ತಿನ ಮೇಲೆ ಬೆರಳು ಓಡಾಡುವುದಕ್ಕೆ ಬೀಟೆ ಮರದ ಪಟ್ಟಿ, ಆ ಪಟ್ಟಿಗೆ ಅಡ್ಡಡ್ಡ ಹಿತ್ತಾಳೆಯ ಮೆಟ್ಟಿಲುಗಳು. ಬೆಳಿಗ್ಗೆ ಅದರ ನಾದ ಊರಿಗೆ ಕೇಳಿಸಿತೋ, ಆ ದಿನವೆಲ್ಲ ಅಲ್ಲಿ ಯಾರ ಮಾಟವೂ ನಡೆಯುತ್ತಿರಲಿಲ್ಲ.

ಅದನ್ನು ನೋಡಿಕೊಳ್ಳುತ್ತಿದ್ದವನು ಬಡಗಿ ಮೋನಪ್ಪಾಚಾರಿ. ತಿಂಗಳಿಗೊಮ್ಮೆ ಪಟ್ಟಿ ಒರೆಸುತ್ತಿದ್ದ, ವರ್ಷಕ್ಕೆರಡು ಸಲ ನಾಲ್ಕು ಹನಿ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಅಷ್ಟೇ ಅದರ ಆರೈಕೆ.

ಹೀಗಿರುವಾಗ ಜಡೆಮಾರ ಅನ್ನುವ ಮಾಂತ್ರಿಕ ಬಂದ. ಗಿಟಾರನ್ನು ಒಡೆಯಲು ಅವನಿಂದಾಗದು, ಕದಿಯಲೂ ಆಗದು. ಏನು ಮಾಡಿದ ಗೊತ್ತೇ? ರಾಜ ಸಿರಿಮಲ್ಲನ ಮುಂದೆ ನಿಂತು ಕಣ್ಣೀರು ಸುರಿಸಿದ.

"ಮಹಾಸ್ವಾಮಿ, ಇಂಥ ದೈವದ ವಾದ್ಯಕ್ಕೆ ಒಂದು ಪೂಜೆ ಬೇಡವೇ? ಹಳೇ ಬಟ್ಟೆಯಲ್ಲಿ ಒರೆಸುತ್ತಾರಲ್ಲ, ಎಂಥ ಅಪಚಾರ!"

ರಾಜ ಕರಗಿಹೋದ. ಅಂದಿನಿಂದ ಶುರುವಾಯಿತು ನೋಡಿ. ಹರಳೆಣ್ಣೆಯ ಅಭಿಷೇಕ, ಅದರ ಮೇಲೆ ಕುಂಕುಮ, ಅದರ ಮೇಲೆ ಗಂಧ, ಮರುದಿನ ಮತ್ತೆ ಎಣ್ಣೆ. ಬಂದವರೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒರೆಸಿದವರಿಗೆ ಮಾತ್ರ ಶಿಕ್ಷೆ! ಊರಿಗೆ ಊರೇ ಸೇರಿ ಒಂದು ಒಳ್ಳೆಯ ಮರವನ್ನು ಹಾಳು ಮಾಡಿತು, ಅದೂ ಕೈಮುಗಿದುಕೊಂಡು. ಹೇಳುವಾಗಲೇ ನನಗೆ ಮೈ ಉರಿಯುತ್ತದೆ.

ನಾದ ಮೊದಲು ಮಂಕಾಯಿತು, ಆಮೇಲೆ ಗೊರಗೊರ ಅಂದಿತು, ಆಮೇಲೆ ನಿಂತೇಹೋಯಿತು. "ಕೊಳೆಯಾಗಿದೆ ಬುದ್ಧೀ, ಒರೆಸೋಕೆ ಬಿಡಿ" ಅಂದ ಮೋನಪ್ಪಾಚಾರಿ. ತುಂಬಿದ ಸಭೆಯಲ್ಲಿ ಜಡೆಮಾರ ಒಂದು ಹಿಡಿ ಬೂದಿ ಊದಿದ. ಆಚಾರಿ ಮೊಳದುದ್ದದ ಮರದ ಗೊಂಬೆಯಾದ. "ದೈವವೇ ಕೊಟ್ಟ ಶಿಕ್ಷೆ" ಅಂದ ಜಡೆಮಾರ. ಎಲ್ಲರೂ ಹೌದೌದು ಅಂದರು. ಥೂ!

ಮೂರು ವರ್ಷ ಕಳೆಯಿತು. ಹಬ್ಬದ ಬೆಳಿಗ್ಗೆ ಆ ಗೊಂಬೆಯನ್ನು ಹೋಮದ ಬೆಂಕಿಗೆ ಹಾಕುವುದಾಗಿ ಜಡೆಮಾರ ಡಂಗುರ ಹೊಡೆಸಿದ. ಆಚಾರಿಯ ಮಗಳು ಕಾಳವ್ವ ಅದನ್ನು ಕೇಳಿಸಿಕೊಂಡಳು. ಮೆತ್ತನೆಯ ಬಟ್ಟೆ, ಕೊಂಬಿನ ಚಕ್ಕೆ, ಚಿಕ್ಕ ಸೋರೆ ಬುರುಡೆಯಲ್ಲಿ ಅಗಸೆ ಎಣ್ಣೆ ಸೆರಗಿಗೆ ಕಟ್ಟಿಕೊಂಡು, ಹಬ್ಬದ ದಿನ ನಸುಕಿನಲ್ಲೇ ಅರಮನೆಗೆ ಹೊರಟಳು.

ಬಾಗಿಲಲ್ಲಿ ಮಾತಾಡುವ ಸಿಂಹ ಕೂತಿತ್ತು. "ಏನು ತಂದಿದ್ದೀಯ? ಎಣ್ಣೆಯೋ, ಕುಂಕುಮವೋ?"

"ಕೊಡೋಕೆ ಬಂದಿಲ್ಲ, ಒರೆಸೋಕೆ ಬಂದಿದ್ದೀನಿ."

ಸಿಂಹ ಬಾಯಿ ತೆರೆಯಿತು. ಪಾಪ, ಅದಕ್ಕೂ ಭಕ್ತರು ಬಳಿದಿದ್ದರು. ಕಣ್ಣ ರೆಪ್ಪೆಗಳು ಕುಂಕುಮದಲ್ಲಿ ಮೆತ್ತಿಕೊಂಡಿದ್ದವು. ಕಾಳವ್ವ ಹೆದರುತ್ತಲೇ ಬಟ್ಟೆಯ ತುದಿಯಿಂದ ಎರಡೂ ಕಣ್ಣು ಒರೆಸಿದಳು. ಸಿಂಹ ಪಿಳಿಪಿಳಿ ನೋಡಿತು. "ಒಳಗೆ ಹೋಗು ತಾಯಿ" ಅಂದು ಪಕ್ಕಕ್ಕೆ ಸರಿಯಿತು.

ಒಳಗೆ ಗಿಟಾರಿನ ತಂತಿ ಮುಟ್ಟಿದರೆ, ಆರೂ ಆರು ಹಾವಾಗಿ ಹೆಡೆಯೆತ್ತಿದವು! ಬೇರೆಯವರಾಗಿದ್ದರೆ ಕತ್ತರಿಸಿಬಿಡುತ್ತಿದ್ದರು. ಬಿಗಿದ ತಂತಿಯನ್ನು ಒಮ್ಮೆಲೇ ಕತ್ತರಿಸಬಾರದು ಅಂತ ಅಪ್ಪ ಕಲಿಸಿದ್ದ. ಅವಳು ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದೇ ಸುತ್ತು ಸಡಿಲಿಸಿದಳು. ಬಿಗಿ ಕಳೆದಂತೆ ಹಾವುಗಳು ಆಕಳಿಸಿ, ಸುರುಳಿ ಸುತ್ತಿ ಮಲಗಿ, ಮತ್ತೆ ತಂತಿಗಳಾದವು.

ಆಮೇಲೆ ಪಟ್ಟಿ. ಅಯ್ಯಯ್ಯೋ, ಏನು ಹೇಳಲಿ! ಮೆಟ್ಟಿಲುಗಳ ಮಗ್ಗುಲಲ್ಲಿ ಬೆರಳು ದಪ್ಪ ಜಿಡ್ಡು. ಕೊಂಬಿನ ಚಕ್ಕೆಯಲ್ಲಿ ಕೆರೆದಳು, ಮರದ ಎಳೆಗುಂಟ ಒಣ ಬಟ್ಟೆ ಎಳೆದಳು. ಸುಟ್ಟ ಬತ್ತಿಯ ಚೂರು, ಗಟ್ಟಿಯಾದ ಗಂಧ, ಸತ್ತ ಇರುವೆ, ಎಲ್ಲ ಬಂತು. ಅಡಿಯಲ್ಲಿ ಬೀಟೆ ಬಿಳಿಚಿ ಒಣಗಿತ್ತು. ಮೇಲೆ ಕೊಡಗಟ್ಟಲೆ ಎಣ್ಣೆ, ಮರಕ್ಕೆ ಒಂದು ಹನಿಯೂ ಇಳಿದಿರಲಿಲ್ಲ.

ಅಷ್ಟರಲ್ಲಿ ರಾಜ ಹರಳೆಣ್ಣೆಯ ಕೊಡ ಹೊತ್ತು ಬಂದ. ಹಿಂದೆಯೇ ಜಡೆಮಾರ, ಅವನ ಕಂಕುಳಲ್ಲಿ ಗೊಂಬೆ.

"ಪಾಪಿ! ಏನು ಮಾಡಿದೆ?" ರಾಜ ಕೂಗಿದ.

"ನೀವು ಮಾಡಿದ್ದನ್ನ ಕೆರೀತಿದ್ದೀನಿ ಬುದ್ಧೀ! ಕೊನೇ ಮೆಟ್ಟಿಲು ಬಾಕಿ ಇದೆ. ಉಗುರು ಹಾಕಿ ನೋಡಿ."

ರಾಜ ಉಗುರು ಹಾಕಿದ. ಕಪ್ಪು ಮುದ್ದೆ ಎದ್ದು ಬಂತು. ಮೂಸಿದ, ಮುಖ ಕಿವುಚಿದ.

"ಮರ ಒಣಗಿದೆ ಮಹಾಸ್ವಾಮಿ, ಕೊಡ ಸುರಿಯಿರಿ!" ಅಂದ ಜಡೆಮಾರ.

"ನಾಲ್ಕೇ ಹನಿ" ಅಂದಳು ಕಾಳವ್ವ.

ರಾಜ ಅವನನ್ನು ನೋಡಿದ, ಇವಳನ್ನು ನೋಡಿದ, ಕೊಡ ಕೆಳಗಿಟ್ಟ. ಜಡೆಮಾರ ಕೈಯಲ್ಲಿದ್ದ ಬೂದಿಯನ್ನೆಲ್ಲ ರಾಜನ ಮೇಲೆ ಊದಿ, ಗೊಂಬೆ ಹಿಡಿದು ಅಂಗಳದ ಹೋಮದ ಕಡೆ ಓಡಿದ.

ರಾಜನ ಪಾದ ಮರವಾಯಿತು. ಕಾಳವ್ವ ಬಟ್ಟೆಗೆ ನಾಲ್ಕು ಹನಿ ಹಾಕಿ ತಿಕ್ಕಿದಳು. ಮೊಣಕಾಲು ಮರವಾಯಿತು. ಬೀಟೆ ಎಣ್ಣೆ ಹೀರಿ ಕಪ್ಪಗೆ ಮಿಂಚಿತು. ಸೊಂಟ ಮರವಾಯಿತು.

"ಬಾರಿಸೇ ತಾಯಿ!" ರಾಜ ಅರಚಿದ.

"ಉಳಿದ ಎಣ್ಣೆ ಒರೆಸದೆ ಬಾರಿಸಿದರೆ ಮತ್ತೆ ಅಂಟುತ್ತೆ. ಅವಸರ ನನಗಿಲ್ವಾ? ಅಲ್ಲಿರೋದು ನಮ್ಮಪ್ಪ!" ಕಣ್ಣಲ್ಲಿ ನೀರು, ಆದರೂ ಪೂರ್ತಿ ಒರೆಸಿದಳು. ಒಂದೇ ಒಂದು ತಂತಿ ಬಿಗಿದು, ಮೆಟ್ಟಿಲ ಮೇಲೆ ಬೆರಳೊತ್ತಿ ಮೀಟಿದಳು.

ಟಣ್! ನಾದ ಅಂಗಳಕ್ಕೆ ಹರಿಯಿತು. ಜಡೆಮಾರನ ಕೈಬಿಟ್ಟ ಗೊಂಬೆ ಗಾಳಿಯಲ್ಲೇ ಮನುಷ್ಯನಾಗಿ ಬೆಂಕಿಯಾಚೆ ಬಿತ್ತು. ರಾಜನ ಕಾಲು ಕಾಲಾಯಿತು. ಜಡೆಮಾರನ ಜಡೆ ಉದುರಿತು, ಮಂತ್ರವೆಲ್ಲ ಮರೆತುಹೋಯಿತು. ಅರಮನೆಯ ಜಿಡ್ಡು ನೆಲ ಉಜ್ಜಲು ಅವನನ್ನೇ ಹಚ್ಚಿದರು.

ಆಚಾರಿ ಓಡಿ ಬಂದ. ಪಂಚೆಯ ಅಂಚು ಸುಟ್ಟಿತ್ತು. ಅಪ್ಪ ಮಗಳು ತಬ್ಬಿಕೊಂಡು ಅತ್ತರು.

ರಾಜನಿಗೆ ಬುದ್ಧಿ ಬಂತು ಅಂದುಕೊಂಡಿರಾ? "ಗಿಟಾರಿಗೆ ಹಾಲಿನ ಅಭಿಷೇಕ ಮಾಡಿಸಿ!" ಅಂದ.

"ಬಾಯಿ ಮುಚ್ಚಿ ಬುದ್ಧೀ!" ಅಂದಳು ಕಾಳವ್ವ. "ನಿಜ ಹೇಳಿದ್ದಕ್ಕೆ ನಮ್ಮಪ್ಪ ಮೂರು ವರ್ಷ ಮರವಾಗಿದ್ದ. ಅವನನ್ನ ಒಂದು ಮಾತು ಕೇಳಿದ್ರಾ?"

ರಾಜ ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೇಗಿದ್ದೆ ಆಚಾರೀ?"

"ನಿಮ್ಮ ಸಿಂಹಾಸನದ ಪಕ್ಕದ ಗೂಡಿನಲ್ಲೇ ಇದ್ದೆ ಬುದ್ಧೀ. ಎಲ್ಲ ಕೇಳಿಸುತ್ತಿತ್ತು. ಯಾರಾದರೂ ನನ್ನ ಹೆಸರೆತ್ತುತ್ತಾರೇನೋ ಅಂತ ಕಾಯುತ್ತಿದ್ದೆ."

ರಾಜ ತಲೆ ತಗ್ಗಿಸಿ ಆಚಾರಿಯ ಕಾಲು ಹಿಡಿದ. ಆಚಾರಿ ಅವನನ್ನು ಎಬ್ಬಿಸಿ ಕೈಗೆ ಒರೆಸುವ ಬಟ್ಟೆ ಕೊಟ್ಟ.

ಬೀಟೆಗಿರಿಯಲ್ಲಿ ಮತ್ತೆ ಮಾಟ ನಡೆಯಲಿಲ್ಲ, ಎಲ್ಲರೂ ಸುಖವಾಗಿದ್ದರು. ಆಚಾರಿ ರಾಜನನ್ನು ಅಂದೇ ಕ್ಷಮಿಸಿಬಿಟ್ಟ. ನಾನು ಇನ್ನೂ ಕ್ಷಮಿಸಿಲ್ಲ.