ಎಳಿ ಅಲ್ರಿ ಅವು

"ಕಿಸೆದಾಗಿನ ಕತ್ತರಿ ಹೊರಗಿಡ್ರಿ," ಎಂದು ಸ್ಕ್ಯಾನ್ ಮಾಡುವ ಉಜ್ವಲಾ ಹೇಳಿದಾಗ ಪ್ರಭುಲಿಂಗ ನಕ್ಕರು. ನೂಲು ಕತ್ತರಿಸುವ ಪುಟ್ಟ ಕತ್ತರಿ. ಬನಹಟ್ಟಿಯಲ್ಲಿ ಮಗ್ಗ ಬಿಟ್ಟೆದ್ದವರು ನೇರ ಜಮಖಂಡಿಯ ಸ್ಕ್ಯಾನ್ ಸೆಂಟರ್‌ಗೆ ಬಂದಿದ್ದರು. ನರೆತ ಕೂದಲಿಗೆ ಹತ್ತಿಯ ಎಳೆಯೊಂದು ಅಂಟಿತ್ತು. ತೆಗೆಯೋಣವೇ ಎಂದುಕೊಂಡು ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

ಹಿಂದೆರಡು ಸಲ ಅವರು ತಮ್ಮ ಅವ್ವನನ್ನು ಕರೆತಂದಿದ್ದಾಗಲೇ ಇಬ್ಬರ ನಡುವೆ ಮಾತುಕತೆ ಬೆಳೆದಿತ್ತು. ಅವರ ಹೆಂಡತಿ ತೀರಿ ಆರು ವರ್ಷ. ಉಜ್ವಲಾಗೆ ನಲವತ್ಮೂರು, ಮನೆಯಲ್ಲಿ ಅವಳ ಮದುವೆಯ ಮಾತು ಎಂದೋ ನಿಂತುಹೋಗಿತ್ತು. ಈ ಸಲ ತಲೆನೋವು ಅವರದೇ.

"ತಲಿ ಛಲೋ ಐತಿ ಅಂದ್ರ, ನಿಮಗೊಂದು ಮಾತು ಕೇಳೂದೈತ್ರಿ," ಅಂದರು ಒಳಗೆ ಮಲಗುವ ಮೊದಲು.

ಮಷೀನು ಸದ್ದು ಮಾಡುತ್ತಿದ್ದ ಇಪ್ಪತ್ತು ನಿಮಿಷವೂ ಉಜ್ವಲಾ ಒಂದೇ ಉತ್ತರ ಸಿದ್ಧಮಾಡಿಕೊಂಡಳು. ಹೂಂ.

ಆಮೇಲೆ ಅವರು ಅವಳ ಹಿಂದೆ ನಿಂತು ಪರದೆ ನೋಡಿದರು. ಕಪ್ಪಿನೊಳಗೆ ಬಿಳಿಯ ಗೆರೆಗಳು, ಅಲ್ಲಲ್ಲಿ ಸೊಟ್ಟ.

"ಇನ್ನೂ ಎಳಿ ಅದಾವೇನ್ರಿ?"

ನೇಕಾರರು ಎಲ್ಲವನ್ನೂ ನೂಲಿನಂತೆಯೇ ನೋಡುತ್ತಾರೆ ಎಂದುಕೊಂಡಳು. ತಪ್ಪು ಹೇಳಬಾರದೆಂಬ ಅವಳ ಹಳೆಯ ಅಂಜಿಕೆ ಬೇರೆ. "ಎಳಿ ಅಲ್ರಿ ಅವು," ಅಂದಳು. ರಕ್ತನಾಳ ಎಂದು ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ಪೇಶಂಟನ್ನು ಒಳಗೆ ತಂದರು.

"ಖರೆ," ಎಂದು ಅವರು ಹೊರಟರು. ಕೇಳುವುದಿದೆ ಅಂದಿದ್ದ ಮಾತು ಕೇಳಲಿಲ್ಲ. ಕತ್ತರಿ ಟ್ರೇನಲ್ಲೇ ಉಳಿಯಿತು.

ಐದು ವಾರ ಅದು ಅವಳ ಬ್ಯಾಗಿನಲ್ಲಿತ್ತು. ಫಾರ್ಮಿನಲ್ಲಿ ಅವರ ನಂಬರಿತ್ತು. ಪೇಶಂಟಿನ ನಂಬರಿಗೆ ಸ್ವಂತ ಮಾತಿಗೆ ಫೋನ್ ಮಾಡುವುದು ಸರಿಯೇ ಎಂದು ದಿನವೂ ಯೋಚಿಸಿ, ದಿನವೂ ಬಿಟ್ಟಳು.

ಆರನೆಯ ವಾರ ಅವರೇ ಬಂದರು. ಕೌಂಟರಿನ ಮೇಲೆ ಸಣ್ಣ ಕಾಗದದ ಪೊಟ್ಟಣ ಇಟ್ಟರು.

"ಮೊನ್ನೆ ಸಕ್ಕರಿ ಹಚ್ಚಿ ಲಗ್ನ ಗಟ್ಟಿ ಮಾಡಿದ್ರು. ಹೆಣ್ಣು ಬೀಳಗಿ ಕಡೀದು. ಆಕಿಗೆ ಒಬ್ಬಾಕಿ ಮಗಳದಾಳ, ಆಗ್ಲೇ ನನಗ ಅಪ್ಪಾ ಅಂತಾಳ." ಪೊಟ್ಟಣವನ್ನು ಅವಳತ್ತ ಸರಿಸಿ, "ಆವತ್ತ ನಿಮ್ಮನ್ನ ಕೇಳಾಂವಿದ್ದೆ. ಎಳಿ ಅಲ್ಲ ಅಂದ್ರಿ. ಸರಿನ ಅಂದ್ರಿ ಬಿಡ್ರಿ, ನನಗ ಐವತ್ತೆರಡಾತು."

ಉಜ್ವಲಾಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ನೀವು ನೂಲಿನ ಎಳಿ ಅಂದ್ರಿ ಅಂತ ತಿಳ್ಕೊಂಡೆ."

ಅವರು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದರು. "ಇನ್ನೂ ಎಳೇವು ಅದಾವೇನು ಅಂತ ನಾ ವಯಸ್ಸ ಕೇಳಿದ್ದೆ."

ಒಂದೇ ಮನೆಯಲ್ಲಿದ್ದಿದ್ದರೆ ವರ್ಷಗಟ್ಟಲೆ ಹೇಳಿಕೊಂಡು ನಗಬಹುದಾಗಿದ್ದ ಮಾತು. ಇಬ್ಬರೂ ನಗಲಿಲ್ಲ.

"ಹಂಗಾರ ಆ ಗೆರಿ ಯಾಕ ಸೊಟ್ಟ ಆಗಿದ್ವು?" ಅವರು ಕೇಳಿದರು.

"ರಕ್ತನಾಳ ಅವು, ವಯಸ್ಸಾದಂಗ ಉದ್ದ ಆಗತಾವ್ರಿ. ಎರಡೂ ತುದಿ ಮಾತ್ರ ಇದ್ದಲ್ಲೇ ಇರಬೇಕು. ಸರಿಯಾಕ ಜಾಗ ಇಲ್ಲ, ಅದಕ್ಕ ಬಾಗತಾವ. ಜಡ್ಡಲ್ಲ ಅದು."

"ನೋವಾಗತೈತೇನ್ರಿ?"

"ಗೊತ್ತಾಗೂದಿಲ್ಲಂತ."

ಕತ್ತರಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಸಕ್ಕರೆ ಬೇಡ ಅಂದರೆ ಬೀಳಗಿಯ ಆ ಹೆಣ್ಣುಮಗಳಿಗೆ ಒಳ್ಳೆಯದಾಗುವುದಿಲ್ಲ. ಪೊಟ್ಟಣ ಬಿಚ್ಚಿ ಅವರೆದುರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಅವರು ತಲೆಬಾಗಿ ಹೊರಟರು. ಅಂಗಿಯ ಹೆಗಲ ಮೇಲೆ ಒಂದು ಎಳೆ ಇತ್ತು.

ಒಳಗೆ ಮುಂದಿನವರು ಕಾಯುತ್ತಿದ್ದರು.

"ಕಿಸೆದಾಗ ಏನರ ಇದ್ರ ಹೊರಗಿಡ್ರಿ," ಅಂದಳು. ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.