ಮೆಟ್ಟಿಲ ಬಳಿಯ ಹೆಣ್ಮರುಳು

ಠಕ್... ಠಕ್... ಠಕ್!

ತಾನೇ ಬಣ್ಣ ಅದ್ದಿದ ನೀಲಿ ಬಟ್ಟೆಗಳನ್ನು ಮಡಿಸುತ್ತಿದ್ದ ಚಂತಿಮಾಳ ಕೈ ಅಲ್ಲೇ ನಿಂತಿತು. ಒಳಗೆ ತಾಯಿ ಬುವಾಲೈಗೆ ಗಾಢ ನಿದ್ರೆ. ಹೆಂಗಸರಿಬ್ಬರೇ ಇರುವ ಮನೆ. ಇಷ್ಟು ರಾತ್ರಿಯಲ್ಲಿ ಯಾರು?

ಅಗುಳಿ ತೆಗೆದು ಬಾಗಿಲನ್ನು ಅಂಗೈಯಗಲ ಸರಿಸಿದಳು.

ಮೆಟ್ಟಿಲ ಮೇಲೆ ಅಪರಿಚಿತ ಯುವಕ. ಕೈಯಲ್ಲಿ ಟಾರ್ಚು. ಮೊಣಕೈವರೆಗೂ ಹಸಿ ಮಣ್ಣು! ಅವಳನ್ನು ಕಂಡದ್ದೇ ದೆವ್ವ ಕಂಡವನಂತೆ ಬೆಚ್ಚಿದ.

"ಯಾರು ಬೇಕಿತ್ತು?"

"ನೀವಲ್ಲ... ಅಂದ್ರೆ... ಯಾರೂ ಬೇಡ." ಒಂದು ಮೆಟ್ಟಿಲು ಹಿಂದಕ್ಕಿಳಿದ. "ಆ ಗಿಡಕ್ಕೆ ದಿನಾ ನೀರು ಹಾಕ್ಬೇಡಿ. ಬೇರು ಕೊಳೀತಿದೆ."

"ಯಾವ ಗಿಡ? ನಾನ್ಯಾವ ಗಿಡಕ್ಕೂ ನೀರು ಹಾಕಿಲ್ಲ!"

ಟಾರ್ಚು ಆರಿಸಿ ಅವನು ಕತ್ತಲೆಗೆ ಇಳಿದುಹೋದ.

ಬೆಳಗಾದಾಗ ಕಂಡಿತು. ಮೆಟ್ಟಿಲ ಮಗ್ಗುಲಲ್ಲಿ, ನೀರಿನ ಗಡಿಗೆಯ ಹಿಂದೆ, ಮೊಣಕಾಲೆತ್ತರದ ಗಿಡ. ಶುಂಠಿಯೆಂದರೆ ಶುಂಠಿಯಲ್ಲ, ಅರಿಶಿನವೆಂದರೆ ಅರಿಶಿನವಲ್ಲ. ನಿನ್ನೆಯವರೆಗೆ ಅದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಅಮ್ಮಾ, ಇದನ್ಯಾರು ನೆಟ್ಟಿದ್ದು?"

"ನಮ್ಮೂರ ಮಣ್ಣಲ್ಲಿ ಕೋಲು ಚುಚ್ಚಿದ್ರೂ ಚಿಗುರತ್ತೆ. ಬಾ, ಅನ್ನ ಆರತ್ತೆ," ಎಂದು ಬುವಾಲೈ ಅಂಟಕ್ಕಿ ಅನ್ನದ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು.

ಆ ಯುವಕನ ಗುರುತು ಸಂತೆಯಲ್ಲಿ ಸಿಕ್ಕಿತು. ಹೆಸರು ಪೈರೋತ್. ಸಾಲುಸಾಲು ಕುಂಡಗಳ ನಡುವೆ ಕೂತು ಗಿಡ ಮಾರುತ್ತಿದ್ದ.

"ನಮ್ಮ ಅಂಗಳದಲ್ಲಿ ನಿಮಗೇನ್ರೀ ಕೆಲಸ?"

"ದಾರಿ ತಪ್ಪಿತ್ತು."

"ದಾರಿ ತಪ್ಪಿದೋರ ಕೈಗೆ ಮಣ್ಣು ಹತ್ತತ್ತಾ?"

"ಎಡವಿ ಬಿದ್ದೆ."

"ಎರಡೂ ಕೈಗೆ ಮೊಣಕೈವರೆಗೆ, ಅಳತೆ ಮಾಡಿದ ಹಾಗೆ?"

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಹಿಡಿಸಬಾರದಿತ್ತು... ಹಿಡಿಸಿತು!

ಅಲ್ಲಿಂದಾಚೆಗೆ ಅವನ ದಾರಿ ಅವಳ ಬೇಲಿಯ ಮುಂದೆ ಪದೇಪದೇ ತಪ್ಪತೊಡಗಿತು. ಅವಳು ಬಣ್ಣದ ಹಂಡೆಯಿಂದ ಬಟ್ಟೆ ಎತ್ತಿದರೆ, ಹಿಂಡಲು ಇನ್ನೊಂದು ತುದಿಯನ್ನು ಅವನು ಹಿಡಿಯುತ್ತಿದ್ದ. ಅವಳ ಬೆರಳುಗಳಂತೆ ಅವನ ಬೆರಳುಗಳೂ ನೀಲಿಯಾದವು. ಮದುವೆ ನಿಶ್ಚಯ ಮಾಡಿಕೊಂಡು ಮಾತು ಮುರಿದು ಬಿಟ್ಟುಹೋದ ಹಳೆಯ ಗಂಡಿನ ನಂತರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಚಂತಿಮಾ, ಈಗ ಬೇಲಿಯ ಸದ್ದಿಗೆ ಕಿವಿಗೊಡುತ್ತಿದ್ದಳು.

'ನನಗೇನಾಗಿದೆ? ಇಷ್ಟು ಸುಲಭವಾಗಿ ಸೋಲುವವಳೇ ನಾನು?'

ಆ ಪ್ರಶ್ನೆಗೆ ಉತ್ತರ ಹೊತ್ತು ತಂದವಳು ಪಕ್ಕದ ಮನೆಯ ಸಮ್ಲಿ ದೊಡ್ಡಮ್ಮ. ಸಾಲವಾಗಿ ಉಪ್ಪು ಕೇಳಲು ಬಂದವಳು ಗಿಡದ ಮುಂದೆ ಕುಕ್ಕರಿಸಿ, ಎಲೆಯ ಬೆನ್ನು ಸವರಿ, ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಮಖಮಲ್ಲಿನ ಹಾಗೆ ರೋಮ... ಇದು ಹೆಣ್ಮರುಳು ಕಣೇ! ಹುಡುಗಿ ಓಡಾಡೋ ಕಡೆ ನೆಟ್ರೆ ಸಾಕು, ಅವಳು ಮರುಳಾಗಿ ಹಿಂದೆ ಬೀಳ್ತಾಳೆ. ಆ ಗಿಡ ಮಾರೋನು ಮದ್ದು ಹಾಕಿದಾನೆ ನಿಂಗೆ!"

"ಬಾಯಿಗೆ ಬಂದಿದ್ದು ಹೇಳ್ಬೇಡಿ ದೊಡ್ಡಮ್ಮ."

"ನಾನ್ಯಾಕೆ ಹೇಳ್ಲಿ? ನಿನ್ನ ಮುಖಾನೇ ಹೇಳ್ತಿದೆ. ಮೂರು ಸಲ ಉಪ್ಪು ಕೇಳ್ದೆ, ಬೆಲ್ಲ ತಂದ್ಕೊಟ್ಟೆಯಲ್ಲೇ ತಾಯಿ!"

ಚಂತಿಮಾ ಒಂದು ಎಲೆ ಕಿತ್ತುಕೊಂಡು ಊರ ಬೌದ್ಧ ವಿಹಾರಕ್ಕೆ ಓಡಿದಳು. ಮೂಲಿಕೆ ಬಲ್ಲ ಮುದಿ ಭಿಕ್ಷು ನೆಲದ ಮೇಲೆ ವಸ್ತ್ರ ಹಾಸಿದರು. ಹೆಣ್ಣಿನ ಕೈಯಿಂದ ನೇರವಾಗಿ ಪಡೆಯುವಂತಿಲ್ಲವಲ್ಲ! ಅವಳು ಅದರ ಮೇಲಿಟ್ಟ ಎಲೆಯನ್ನು ಎತ್ತಿ, ಹಿಸುಕಿ, ಮೂಸಿದರು.

"ಶುಂಠಿಯ ಕುಲದ್ದೇ. ಆದ್ರೆ ಎಲೆಗೂ ಇಷ್ಟು ಪರಿಮಳ, ಬೆನ್ನಿಗೆ ಈ ನುಣುಪು... ಹೌದಮ್ಮ, ಜನ ಹೆಣ್ಮರುಳು ಅನ್ನೋದು ಇದನ್ನೇ."

"ನಿಜವಾಗ್ಲೂ ಮರುಳು ಮಾಡತ್ತಾ, ಗುರುಗಳೇ?"

"ಗಿಡ ಯಾವುದು ಅಂತ ಹೇಳಬಲ್ಲೆ. ಮನಸ್ಸು ಯಾವುದು ಅಂತ ನೀನೇ ನೋಡ್ಕೋಬೇಕು."

ಹಾಗಾದರೆ ಆ ಕಾತರ, ಆ ನಿದ್ರೆಗೆಟ್ಟ ರಾತ್ರಿಗಳು... ಯಾವುದೂ ತನ್ನದಲ್ಲವೇ? ಒಬ್ಬನು ಮಾತಿನಿಂದ ಮೋಸ ಮಾಡಿದ. ಇವನು ಬೇರಿನಿಂದಲೇ?

ಸಂಜೆ ಬೇಲಿಯ ಬಳಿಯೇ ಪೈರೋತ್‌ನನ್ನು ತಡೆದಳು.

"ಅದು ಹೆಣ್ಮರುಳು. ಗೊತ್ತಿತ್ತಾ ನಿಮಗೆ?"

"...ಗೊತ್ತಿತ್ತು."

"ನಿಮ್ಮ ಅಂಗಡೀದಾ?"

"ಹೌದು. ಆದ್ರೆ ನೆಟ್ಟೋನು ನಾನಲ್ಲ."

"ಮತ್ಯಾರು?"

ಅವನು ತಲೆ ತಗ್ಗಿಸಿದ. "ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಚಂತಿಮಾ."

"ಚೆನ್ನಾಗಿದೆ! ಕಳ್ಳನಿಗೂ ಒಂದು ವ್ರತ!" ಅವಳ ಕಣ್ಣು ತುಂಬಿತು. "ಇನ್ನು ಈ ಕಡೆ ದಾರಿ ತಪ್ಪಿಸ್ಕೋಬೇಡಿ."

ಅವನು ಹೋದ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಕರೆದುಬಿಡುತ್ತಿದ್ದಳೋ ಏನೋ!

ಮರುದಿನ ಅಮ್ಮ ವಿಹಾರಕ್ಕೆ ಹೋದ ಹೊತ್ತು ನೋಡಿ, ಚಂತಿಮಾ ಗಿಡವನ್ನು ಬುಡಸಮೇತ ಕಿತ್ತು ಹೊಳೆಗೆ ಎಸೆದಳು. ಗಡ್ಡೆಯ ಚೂರೂ ಉಳಿಯದಂತೆ ಮಣ್ಣನ್ನು ಕೆದಕಿದಳು. ನಂತರ ದಡದಲ್ಲಿ ಕೂತು, ಎದೆ ಹಗುರಾಗಲೆಂದು ಕಾದಳು. ಮದ್ದು ಇಳಿದ ಮೇಲೆ ಮರುಳೂ ಇಳಿಯಬೇಕಲ್ಲ!

ಇಳಿಯಲಿಲ್ಲ.

ಬಟ್ಟೆ ಹಿಂಡಲು ಹೋದರೆ ಇನ್ನೊಂದು ತುದಿ ನೆಲಕ್ಕೆ ಬಿತ್ತು. ಅಷ್ಟಕ್ಕೇ ಅಳು ಉಕ್ಕಿ ಬಂತು. ಅಳುತ್ತಳುತ್ತಲೇ ಅವಳಿಗೆ ಅರ್ಥವಾಯಿತು... ಈ ನೋವು ಯಾವ ಬೇರಿನದೂ ಅಲ್ಲ!

ಸಂತೆಯ ದಿನ ಅವಳು ನೇರವಾಗಿ ಅವನ ಕುಂಡಗಳ ಹಿಂದಕ್ಕೇ ನಡೆದಳು.

"ಗಿಡ ಕಿತ್ತು ಹೊಳೆಗೆ ಹಾಕ್ದೆ."

ಪೈರೋತ್‌ನ ಮುಖ ಬಾಡಿತು. "ಹಾಗಾದ್ರೆ... ಎಲ್ಲಾ ಮುಗೀತು."

"ಮುಗೀಲಿಲ್ಲ! ಅದೇ ತೊಂದ್ರೆ! ಬೇರು ಹೋಯ್ತು, ಎಲೆ ಹೋಯ್ತು, ನೀವು ಮಾತ್ರ ಹೋಗ್ಲಿಲ್ಲ. ಇದು ಗಿಡದ ಮನಸ್ಸಲ್ಲ... ನಂದೇ."

ಅವನು ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟ.

"ನೆಟ್ಟಿದ್ದು ಯಾರು ಅಂತ ಕೇಳೋಕೆ ಬಂದಿಲ್ಲ. ಕೊಟ್ಟ ಮಾತು ನಿಮ್ಮ ಹತ್ರಾನೇ ಇರ್ಲಿ. ನೀವಲ್ಲ ಅಂದ್ರಿ. ನಂಬ್ತೀನಿ."

"ಪುರಾವೆ ಬೇಡ್ವಾ?"

"ಬೇಡ."

ಅವನು ಮೆಲ್ಲಗೆ ಅವಳ ನೀಲಿ ಬೆರಳುಗಳನ್ನು ಹಿಡಿದ. "ಆ ಗಿಡಕ್ಕೆ ಅಷ್ಟು ಶಕ್ತಿ ಎಲ್ಲಿದೆ ಮಾರಾಯ್ತಿ! ಕುಂಡಗಟ್ಟಲೆ ತಲೆದೆಸೇಲಿ ಇಟ್ಕೊಂಡೇ ಮಲಗ್ತೀನಿ. ಇವತ್ತಿನವರೆಗೆ ಒಂದು ಮೇಕೇನೂ ನನ್ನ ಮೆಚ್ಚಿ ಬಂದಿಲ್ಲ."

"ನಾನು ಬಂದೆನಲ್ಲ."

"ಬಂದೆ ನೀನು. ಇನ್ನು ಬಿಡಲ್ಲ."

ಚಂತಿಮಾ ಕಣ್ಣೀರಿನಲ್ಲೇ ನಕ್ಕಳು. ಅಷ್ಟರಲ್ಲಿ ಎಲೆಗಳ ಆಚೆಯಿಂದ, ಏದುಸಿರು ಬಿಡುತ್ತಿದ್ದ ಹೆಣ್ಣುದನಿಯೊಂದು ಕೇಳಿಸಿತು.

"ಲೋ ಮಗಾ! ಯಾರೋ ಪಾಪಿಗಳು ನನ್ನ ಹೆಣ್ಮರುಳು ಕಿತ್ಕೊಂಡು ಹೋಗಿದಾರೆ ಕಣೋ! ರಾತ್ರಿ ಬಂದು ಬುಡ ನೋಡು ಅಂತ ನಿನ್ನ ಕರೆಸಿದ್ದೂ ದಂಡವಾಯ್ತು! ಬೇಗ ಇನ್ನೊಂದು ಕೊಡು... ಅಲ್ಲ, ಎರಡು ಕೊಡು. ನನ್ನ ಮಗಳ ಕಲ್ಲುಮನಸ್ಸಿಗೆ ಒಂದು ಸಾಲಲ್ಲ!"

ಪೈರೋತ್ ಕಣ್ಣು ಮುಚ್ಚಿಕೊಂಡ. ಚಂತಿಮಾ ಎಲೆಗಳನ್ನು ಸರಿಸಿದಳು.

ತಾಳೆಗರಿಯ ಟೋಪಿಯಡಿ ಬೆವರೊರೆಸಿಕೊಳ್ಳುತ್ತ ನಿಂತಿದ್ದವಳು, ಬುವಾಲೈ!